ಬಿಲ್ ಇಲ್ಲದ ಮಡಕೆ ಯಾವ ಊರಿನದು?

ಇವತ್ತಿನ ಸಂಚಿಕೆ ಒಂದು ತಿದ್ದುಪಡಿಯಿಂದ ಶುರುವಾಗುತ್ತದೆ.

ಹೋದ ವರ್ಷ ಚಿತ್ರದುರ್ಗದ ಬಗ್ಗೆ ಒಂದು ಸಂಚಿಕೆ ಮಾಡಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅದರಲ್ಲಿ ಬಹಳ ಹುರುಪಿನಿಂದ ಒಂದು ಮಾತು ಹೇಳಿಬಿಟ್ಟೆ: "ಎರಡು ಸಾವಿರ ವರ್ಷದ ಹಿಂದೆ ನಮ್ಮ ದುರ್ಗದ ಸೀಮೆಯ ಜನ ರೋಮ್‌ನಿಂದ ಬಂದ ತಟ್ಟೆಯಲ್ಲಿ ಊಟ ಮಾಡ್ತಿದ್ರು." ಕೇಳೋಕೆ ಚೆನ್ನಾಗಿತ್ತು. ತುಂಬಾ ಜನ ಶೇರ್ ಮಾಡಿದರು. ನಮ್ಮ ಅಮ್ಮ ಕೂಡ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದರು.

ಆಮೇಲೆ ಒಬ್ಬ ಕೇಳುಗರಿಂದ ಎರಡೇ ಸಾಲಿನ ಮೇಲ್ ಬಂತು. "ತಟ್ಟೆ ರೋಮ್‌ನದು ಅಂತ ನಿಮಗೆ ಹೇಗೆ ಗೊತ್ತು? ಯಾರಾದರೂ ಮಣ್ಣು ಪರೀಕ್ಷೆ ಮಾಡಿದ್ದಾರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದೆ. ಹುಡುಕಿದಷ್ಟೂ ನಾನು ಹೇಳಿದ್ದು ತಪ್ಪು ಅಂತ ಗೊತ್ತಾಗುತ್ತಾ ಬಂತು. ಆ ತಪ್ಪಿನ ಹಿಂದೆ ಇರುವ ಕಥೆ ಮಾತ್ರ ನಾನು ಹೇಳಿದ ಕಥೆಗಿಂತ ಚೆನ್ನಾಗಿದೆ. ಇವತ್ತು ಅದನ್ನೇ ಹೇಳುತ್ತೇನೆ. ಕೊನೆಯಲ್ಲಿ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಪುರಾತತ್ವ ಓದಿದವನಲ್ಲ. ಬಿ.ಕಾಂ. ಮಾಡಿದವನು. ಹಗಲು ಹೊತ್ತು ಲೆಕ್ಕಪತ್ರದ ಕೆಲಸ, ರಾತ್ರಿ ಈ ಪಾಡ್‌ಕಾಸ್ಟ್. ಅದಕ್ಕೇ ನನಗೆ ಈ ವಿಷಯ ಅರ್ಥ ಆಗಿದ್ದು ಬಿಲ್ಲಿನ ಮೂಲಕ. ಒಂದು ಗೋದಾಮಿಗೆ ಸ್ಟಾಕ್ ಪರಿಶೀಲನೆಗೆ ಹೋದೆವು ಅಂತಿಟ್ಟುಕೊಳ್ಳಿ. ಮೂಲೆಯಲ್ಲಿ ಒಂದಷ್ಟು ಸರಕು ಬಿದ್ದಿದೆ. ಬಿಲ್ ಇಲ್ಲ, ಲೇಬಲ್ ಇಲ್ಲ. ಕೇಳಿದರೆ, "ಸಾರ್, ಇದು ಇಂಪೋರ್ಟೆಡ್" ಅನ್ನುತ್ತಾರೆ. ನಾವು ಅದನ್ನು ನಂಬಿ ಬರೆದುಕೊಳ್ಳುತ್ತೇವಾ? ಇಲ್ಲ ತಾನೇ? ಆದರೆ ಇತಿಹಾಸದ ವಿಷಯದಲ್ಲಿ ನಾನು ಅದನ್ನೇ ಮಾಡಿದ್ದೆ. ನೋಡೋಕೆ ಫಾರಿನ್ ಥರ ಇದೆ, ಹಾಗಾಗಿ ಫಾರಿನ್ನೇ ಅಂತ.

ಈಗ ಕಥೆಗೆ ಬರೋಣ. ಪುದುಚೇರಿಯ ದಕ್ಷಿಣಕ್ಕೆ, ಅರಿಯಾಂಕುಪ್ಪಂ ನದಿಯ ದಡದಲ್ಲಿ ಅರಿಕಮೇಡು ಅಂತ ಒಂದು ಜಾಗ ಇದೆ. 1945ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿದರು. ಆಗ ಅವರು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮುಖ್ಯಸ್ಥರು. ನೆಲದೊಳಗೆ ಅವರಿಗೆ ಮೂರು ಥರದ ಮಡಕೆ ಸಿಕ್ಕವು. ನಮ್ಮ ಕಥೆಗೆ ಈ ಮೂರೂ ಮುಖ್ಯ.

ಒಂದು, ಕೆಂಪಗೆ ಹೊಳೆಯುವ ಅರೆಟೈನ್ ಪಾತ್ರೆಗಳು. ಇಟಲಿಯ ಅರೆಝೊ ಊರಿನಿಂದ ಆ ಹೆಸರು ಬಂದಿದೆ. ಇವುಗಳ ತಳದಲ್ಲಿ ತಯಾರಿಸಿದವರ ಮುದ್ರೆ ಇರುತ್ತಿತ್ತು. ಅಂದರೆ ಬಿಲ್ ಸಮೇತ ಬಂದ ಸರಕು. ಎರಡು, ಆಂಫೊರಾ. ಎರಡು ಹಿಡಿ ಇರುವ ಉದ್ದ ಜಾಡಿ, ದ್ರಾಕ್ಷಾರಸ, ಎಣ್ಣೆ ಸಾಗಿಸೋಕೆ ಬಳಸುತ್ತಿದ್ದದ್ದು. ಮೂರನೆಯದು ರೌಲೆಟೆಡ್ ವೇರ್. ನಾನು ಹೋದ ವರ್ಷ ಹೇಳಿದ "ರೋಮ್‌ನ ತಟ್ಟೆ" ಇದೇ.

ಅದು ಹೇಗಿರುತ್ತದೆ ಅಂದರೆ, ಅಗಲವಾದ, ತೆಳುವಾದ ತಟ್ಟೆ. ಬೂದು ಅಥವಾ ಕಪ್ಪು ಬಣ್ಣ, ಒಳ್ಳೆಯ ನುಣುಪು, ಹೊಳಪು. ಅಂಚು ಒಳಕ್ಕೆ ಬಾಗಿ ಕೊಕ್ಕಿನ ಥರ ಇರುತ್ತದೆ. ಮಣ್ಣು ಎಷ್ಟು ನಯ ಅಂದರೆ ಮರಳಿನ ಕಣ ಬೆರಳಿಗೆ ಸಿಗುವುದೇ ಇಲ್ಲ. ತಟ್ಟೆಯ ಒಳಗೆ, ತಳದ ನಡುವೆ, ಚಿಕ್ಕ ಚಿಕ್ಕ ಗುಳಿಗಳ ಸಾಲು ವೃತ್ತಾಕಾರವಾಗಿ ಸುತ್ತು ಸುತ್ತಾಗಿ ಬಂದಿರುತ್ತದೆ. ಹಲ್ಲಿರುವ ಸಣ್ಣ ಚಕ್ರವನ್ನು ಹಸಿ ಮಣ್ಣಿನ ಮೇಲೆ ಉರುಳಿಸಿದರೆ ಬರುವ ಗುರುತಿನ ಹಾಗೆ. ತಟ್ಟೆ ತಿಗರಿಯ ಮೇಲೆ ತಿರುಗುತ್ತಿರುವಾಗ ಒಂದು ತೆಳು ಪಟ್ಟಿಯನ್ನು ತಾಗಿಸಿದರೂ ಅದು ಕುಣಿದು ಕುಣಿದು ಇಂಥ ಗುರುತು ಬರುತ್ತದೆ ಅಂತ ಹೇಳುವವರೂ ಇದ್ದಾರೆ.

ಈ ಅಲಂಕಾರದ ಪದ್ಧತಿ ಭಾರತದ್ದಲ್ಲ, ಮೆಡಿಟರೇನಿಯನ್ ಕಡೆಯದು ಅಂತ ವೀಲರ್ ತೀರ್ಮಾನಿಸಿದರು. ಅವರ ಲೆಕ್ಕ ಹೀಗಿತ್ತು. ಅರೆಟೈನ್ ಪಾತ್ರೆ ಇಟಲಿಯಲ್ಲಿ ಯಾವಾಗ ತಯಾರಾಗುತ್ತಿತ್ತು ಅಂತ ಗೊತ್ತು. ಅದು ಅರಿಕಮೇಡಿನಲ್ಲಿ ಸಿಕ್ಕಿತು. ಹಾಗಾಗಿ ಅರಿಕಮೇಡು ಕ್ರಿ.ಶ. 1ನೇ ಶತಮಾನದ್ದು. ಅಲ್ಲೇ ಸಿಕ್ಕ ರೌಲೆಟೆಡ್ ತಟ್ಟೆಯೂ ಆ ಕಾಲದ್ದು.

ಇದು ಪುದುಚೇರಿಯ ವಿಷಯ, ನಮಗೇನು ಅಂತ ಕೇಳಬಹುದು. ಇಲ್ಲೇ ಇರುವುದು ವಿಷಯ. ಎರಡು ವರ್ಷ ಬಿಟ್ಟು, 1947ರಲ್ಲಿ, ವೀಲರ್ ನಮ್ಮ ಚಿತ್ರದುರ್ಗ ಜಿಲ್ಲೆಗೆ ಬಂದರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಮತ್ತು ದುರ್ಗದ ಪಕ್ಕದ ಚಂದ್ರವಳ್ಳಿ. ಬ್ರಹ್ಮಗಿರಿ ಗೊತ್ತಲ್ಲ, ಅಶೋಕನ ಶಾಸನ ಇರುವ ಜಾಗ. ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಈ ಎರಡೂ ಕಡೆ ವೀಲರ್‌ಗಿಂತ ಮೊದಲೇ ನಮ್ಮ ಮೈಸೂರಿನ ಎಂ.ಎಚ್. ಕೃಷ್ಣ ಅವರು ಅಗೆದಿದ್ದರು, ಅದನ್ನೂ ಹೇಳಬೇಕು.

ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ವೀಲರ್‌ಗೆ ಅದೇ ರೌಲೆಟೆಡ್ ಚೂರುಗಳು ಸಿಕ್ಕವು. ಅವರಿಗೆ ಬೇಕಾದ ಕೊಂಡಿ ಸಿಕ್ಕ ಹಾಗಾಯಿತು. ಈ ಚೂರು 1ನೇ ಶತಮಾನದ್ದು, ಹಾಗಾದರೆ ಈ ಪದರ ಅಲ್ಲಿಂದ ಶುರು. ಅದರ ಕೆಳಗೆ ಇರುವುದು ಬೃಹತ್ ಶಿಲಾ ಸಮಾಧಿಗಳ ಜನರ ಪದರ, ಅದು ಅದಕ್ಕಿಂತ ಸ್ವಲ್ಪ ಹಿಂದೆ, ಕ್ರಿ.ಪೂ. 2ನೇ ಶತಮಾನದ ಆರಂಭದಿಂದ. ಅದರ ಕೆಳಗೆ ಕಲ್ಲುಕೊಡಲಿ ಬಳಸುತ್ತಿದ್ದ ಜನ, ಅದು ಇನ್ನೂ ಸ್ವಲ್ಪ ಹಿಂದೆ. ಒಂದು ತಟ್ಟೆಯ ಚೂರಿನಿಂದ ಇಳಿಯುತ್ತಾ ಇಳಿಯುತ್ತಾ ಕರ್ನಾಟಕದ ಪೂರ್ವೇತಿಹಾಸಕ್ಕೆ ಒಂದು ಏಣಿ ಹಾಕಿಬಿಟ್ಟರು.

ಆಮೇಲೆ ಇಂಗಾಲದ ಕಾಲಗಣನೆ ಬಂತು. ಆ ಏಣಿಯ ಕೆಳಗಿನ ಮೆಟ್ಟಿಲುಗಳೆಲ್ಲ ಇನ್ನೂ ಬಹಳ ಹಿಂದಕ್ಕೆ ಹೋದವು. ದಕ್ಷಿಣದ ನವಶಿಲಾಯುಗ ಕ್ರಿ.ಪೂ. 3ನೇ ಸಹಸ್ರಮಾನದಷ್ಟು ಹಳೆಯದು ಅಂತ ಗೊತ್ತಾಯಿತು. ಅಂದರೆ ಒಂದು ಸಾವಿರ ವರ್ಷಕ್ಕೂ ಹೆಚ್ಚು ವ್ಯತ್ಯಾಸ. ರೌಲೆಟೆಡ್ ತಟ್ಟೆಯ ಕಾಲವೂ ಹಿಂದಕ್ಕೆ ಸರಿಯಿತು. ವಿಮಲಾ ಬೇಗ್ಲೆ ಅವರು 1983ರಲ್ಲಿ ಅರಿಕಮೇಡಿನ ಲೆಕ್ಕವನ್ನೇ ಮತ್ತೆ ತೆರೆದರು. ಈ ತಟ್ಟೆ ರೋಮನ್ ವ್ಯಾಪಾರ ಜೋರಾಗುವುದಕ್ಕಿಂತ ಮುಂಚೆಯೇ, ಕ್ರಿಸ್ತಪೂರ್ವದಲ್ಲೇ ಇಲ್ಲಿ ಬಳಕೆಯಲ್ಲಿತ್ತು ಅಂತ ವಾದಿಸಿದರು. ಹಾಗಾದರೆ ಇದನ್ನು ಮಾಡಿದ್ದು ಯಾರು? ಮಣ್ಣು ಎಲ್ಲಿಯದು? ನೋಟದಿಂದ ಹೇಳುವುದು ಸಾಕು, ಈಗ ಮಣ್ಣನ್ನೇ ಕೇಳಬೇಕು ಅನ್ನುವ ಘಟ್ಟ ಬಂತು.

ಮಣ್ಣನ್ನು ಕೇಳುವುದು ಹೇಗೆ? ಮೂರು ದಾರಿ ಹೇಳುತ್ತೇನೆ. ನನಗೆ ಅರ್ಥ ಆದಷ್ಟು ಸರಳವಾಗಿ.

ಮೊದಲನೆಯದು ಸೂಕ್ಷ್ಮದರ್ಶಕ. ಚೂರಿನಿಂದ ಒಂದು ಬಿಲ್ಲೆ ಕತ್ತರಿಸಿ, ಗಾಜಿಗೆ ಅಂಟಿಸಿ, ಉಜ್ಜಿ ಉಜ್ಜಿ 0.03 ಮಿಲಿಮೀಟರ್ ದಪ್ಪಕ್ಕೆ ತರುತ್ತಾರೆ. ಅಷ್ಟು ತೆಳುವಾದರೆ ಕಲ್ಲಿನ ಕಣದ ಮೂಲಕವೂ ಬೆಳಕು ಹಾಯುತ್ತದೆ. ಆಗ ಮಣ್ಣಿನೊಳಗಿರುವ ಖನಿಜಗಳನ್ನು ಒಂದೊಂದಾಗಿ ಗುರುತಿಸಬಹುದು. ಗ್ರಾನೈಟ್ ಸೀಮೆಯ ಮಣ್ಣಾದರೆ ಸ್ಫಟಿಕ ಶಿಲೆ, ಫೆಲ್ಡ್‌ಸ್ಪಾರ್, ಅಭ್ರಕ ಕಾಣುತ್ತವೆ. ಬೆಳಗಾವಿ, ವಿಜಯಪುರದ ಕಡೆಯ ಕಪ್ಪು ಮಣ್ಣು ಬಸಾಲ್ಟ್ ಕಲ್ಲು ಸವೆದು ಆದದ್ದು, ಅದರ ಕಣಗಳೇ ಬೇರೆ. ಕಲ್ಲು ಬೇರೆಯಾದರೆ ಮಣ್ಣು ಬೇರೆ, ಮಣ್ಣು ಬೇರೆಯಾದರೆ ಮಡಕೆ ಬೇರೆ.

ಎರಡನೆಯದು ಎಕ್ಸ್-ರೇ ಡಿಫ್ರಾಕ್ಷನ್, ಎಕ್ಸ್‌ಆರ್‌ಡಿ ಅನ್ನುತ್ತಾರೆ. ರೌಲೆಟೆಡ್ ತಟ್ಟೆಯಂಥ ನಯವಾದ ಮಣ್ಣಿನಲ್ಲಿ ದೊಡ್ಡ ಕಣಗಳೇ ಇರುವುದಿಲ್ಲ, ಸೂಕ್ಷ್ಮದರ್ಶಕಕ್ಕೆ ಹೆಚ್ಚು ಸಿಗುವುದಿಲ್ಲ. ಆಗ ಪುಡಿ ಮಾಡಿ ಎಕ್ಸ್-ರೇ ಹಾಯಿಸುತ್ತಾರೆ. ಒಂದೊಂದು ಖನಿಜದ ಹರಳೂ ಕಿರಣವನ್ನು ತನ್ನದೇ ಆದ ಕೋನಗಳಲ್ಲಿ ತಿರುಗಿಸುತ್ತದೆ. ಅದರಿಂದ ಯಾವ ಖನಿಜ ಎಷ್ಟಿದೆ ಅಂತ ತಿಳಿಯುತ್ತದೆ.

ಮೂರನೆಯದು ನನಗೆ ಬಹಳ ಹಿಡಿಸಿದ್ದು. ನ್ಯೂಟ್ರಾನ್ ಆಕ್ಟಿವೇಶನ್. ಚೂರಿನ ಒಂದು ಚಿಟಿಕೆ ಪುಡಿಯನ್ನು ಪರಮಾಣು ರಿಯಾಕ್ಟರ್ ಒಳಗೆ ಇಟ್ಟು ನ್ಯೂಟ್ರಾನ್‌ಗಳಿಂದ ಹೊಡೆಯುತ್ತಾರೆ. ಪುಡಿಯಲ್ಲಿರುವ ಮೂಲಧಾತುಗಳು ಸ್ವಲ್ಪ ಕಾಲ ವಿಕಿರಣಶೀಲ ಆಗುತ್ತವೆ, ಗಾಮಾ ಕಿರಣ ಹೊರಗೆ ಬಿಡುತ್ತವೆ. ಪ್ರತಿ ಧಾತುವಿನ ಕಿರಣದ ಶಕ್ತಿ ಬೇರೆ ಬೇರೆ. ಅದನ್ನು ಅಳೆದು ಸ್ಕ್ಯಾಂಡಿಯಂ ಎಷ್ಟು, ಥೋರಿಯಂ ಎಷ್ಟು, ಲ್ಯಾಂಥನಂ ಎಷ್ಟು ಅಂತ ಪಟ್ಟಿ ಮಾಡುತ್ತಾರೆ. ಇವುಗಳ ಲೆಕ್ಕ ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಹತ್ತು ಲಕ್ಷ ರೂಪಾಯಿಯ ಲೆಕ್ಕದಲ್ಲಿ ಒಂದು ರೂಪಾಯಿ ಎಲ್ಲಿ ಹೋಯಿತು ಅಂತ ಹಿಡಿದ ಹಾಗೆ. ಅಂಥ ಆಡಿಟರ್ ನಾನು ಇನ್ನೂ ನೋಡಿಲ್ಲ.

ಇದರ ಹಿಂದೆ ಒಂದು ಕಥೆ ಇದೆ. ಮಡಕೆಗೆ ಈ ವಿದ್ಯೆ ಬಳಸಬಹುದಲ್ಲ ಅಂತ 1950ರ ದಶಕದಲ್ಲಿ ಅಮೆರಿಕದಲ್ಲಿ ಪುರಾತತ್ವಜ್ಞರನ್ನೂ ರಸಾಯನಶಾಸ್ತ್ರಜ್ಞರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದವರು ರಾಬರ್ಟ್ ಓಪನ್‌ಹೈಮರ್. ಹೌದು, ಸಿನಿಮಾ ಬಂತಲ್ಲ, ಅಣುಬಾಂಬ್‌ನವರು, ಅವರೇ. ಆ ಮಾತುಕತೆಯ ಫಲವಾಗಿ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಮೆಡಿಟರೇನಿಯನ್ ಮಡಕೆ ಚೂರುಗಳ ಮೇಲೆ ಮೊದಲ ಪರೀಕ್ಷೆಗಳು ನಡೆದವು.

ಆದರೆ ಪಟ್ಟಿ ಒಂದೇ ಇದ್ದರೆ ಏನೂ ಉಪಯೋಗ ಇಲ್ಲ. ತಾಳೆ ನೋಡೋಕೆ ಇನ್ನೊಂದು ಪಟ್ಟಿ ಬೇಕು. ಈ ಮಣ್ಣು ಇಂಥ ಊರಿನದು ಅಂತ ಖಚಿತವಾಗಿ ಗೊತ್ತಿರುವ ಮಾದರಿ ಬೇಕು. ಅದಕ್ಕೆ ತುಂಬಾ ಬೆಲೆ ಬಾಳುವುದು ಯಾವುದು ಗೊತ್ತಾ? ಆವಿಗೆಯ ಪಕ್ಕ ಬಿಸಾಡಿದ, ಸುಡುವಾಗ ಸೊಟ್ಟಗಾದ, ಸೀಳಿದ ಮಡಕೆ. ಕೆಟ್ಟುಹೋದ ಮಾಲನ್ನು ಯಾರೂ ಬೇರೆ ಊರಿಗೆ ಮಾರೋಕೆ ಒಯ್ಯುವುದಿಲ್ಲವಲ್ಲ. ಅದು ಹುಟ್ಟಿದ ಕಡೆಯೇ ಬಿದ್ದಿರುತ್ತದೆ. ಅಂದರೆ ಅದರ ವಿಳಾಸ ಪಕ್ಕಾ. ಕುಂಬಾರನಿಗೆ ನಷ್ಟವಾದದ್ದು ವಿಜ್ಞಾನಿಗೆ ಲಾಭ.

ಈಗ ಫಲಿತಾಂಶಕ್ಕೆ ಬರುತ್ತೇನೆ.

ರೌಲೆಟೆಡ್ ತಟ್ಟೆ ಅರಿಕಮೇಡಿನಲ್ಲಿ ಮಾತ್ರ ಅಲ್ಲ, ಶ್ರೀಲಂಕಾದ ಅನುರಾಧಪುರದಲ್ಲಿ ಸಿಕ್ಕಿದೆ. ಆಶ್ಚರ್ಯ ಅಂದರೆ ಇಂಡೊನೇಷ್ಯಾದ ಬಾಲಿ ದ್ವೀಪದ ಉತ್ತರ ಕರಾವಳಿಯ ಸೆಂಬಿರಾನ್ ಅನ್ನುವ ಹಳ್ಳಿಯಲ್ಲೂ ಸಿಕ್ಕಿತು. ಐ ವಾಯನ್ ಅರ್ದಿಕ ಮತ್ತು ಪೀಟರ್ ಬೆಲ್‌ವುಡ್ 1991ರಲ್ಲಿ ಅದರ ಬಗ್ಗೆ ಬರೆದರು. ಬಾಲಿಯ ಚೂರು, ಅರಿಕಮೇಡಿನ ಚೂರು, ಅನುರಾಧಪುರದ ಚೂರು, ಇವನ್ನು ನ್ಯೂಟ್ರಾನ್ ಪರೀಕ್ಷೆಯಲ್ಲಿ ಹೋಲಿಸಿದರೆ ಪಟ್ಟಿಗಳು ತಾಳೆಯಾದವು. ಸಾವಿರಾರು ಕಿಲೋಮೀಟರ್ ಸಮುದ್ರದ ಆಚೆ ಈಚೆ ಬಿದ್ದಿದ್ದ ಚೂರುಗಳು ಒಂದೇ ಮಣ್ಣಿನ ಬಂಧುಗಳು.

1997ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ವಿಶ್ವಾಸ್ ಗೋಗಟೆ ಅವರು ಎಕ್ಸ್‌ಆರ್‌ಡಿ ಬಳಸಿ ಬೇರೆ ಬೇರೆ ನಿವೇಶನಗಳ ರೌಲೆಟೆಡ್ ಚೂರುಗಳನ್ನು ನೋಡಿ, ಅವುಗಳ ಮಣ್ಣು ಪಶ್ಚಿಮ ಬಂಗಾಳದ ಚಂದ್ರಕೇತುಗಢ ಮತ್ತು ತಮ್ಲುಕ್ ಪ್ರದೇಶದ್ದು ಅಂದರು. ತಮ್ಲುಕ್ ಅಂದರೆ ಹಿಂದಿನ ತಾಮ್ರಲಿಪ್ತಿ, ದೊಡ್ಡ ಬಂದರು. ಗಂಗೆ ಸಮುದ್ರಕ್ಕೆ ಸೇರುವ ಸೀಮೆಯ ಮೆಕ್ಕಲು ಮಣ್ಣು. 2005ರಲ್ಲಿ ಲೂ ಫೋರ್ಡ್, ರಾಬಿನ್ ಕಾನಿಂಗ್‌ಹ್ಯಾಮ್ ಮತ್ತು ಜೊತೆಗಾರರು ಬೇರೆ ರಾಸಾಯನಿಕ ವಿಧಾನದಿಂದ ನೋಡಿ, ಈ ನಯವಾದ ತಟ್ಟೆಗಳ ಮಣ್ಣು ಒಂದೇ ಭೂವೈಜ್ಞಾನಿಕ ಮೂಲದ್ದು ಅನ್ನುವ ತೀರ್ಮಾನಕ್ಕೆ ಬಂದರು.

ಆ ಮೂಲ ನಿಖರವಾಗಿ ಬಂಗಾಳವೇ, ಒಂದೇ ಕಡೆ ಮಾಡುತ್ತಿದ್ದರೋ, ಬೇರೆ ಕಡೆಯೂ ನಕಲು ಮಾಡುತ್ತಿದ್ದರೋ ಅನ್ನುವ ಚರ್ಚೆ ಮುಗಿದಿಲ್ಲ. ಚಿತ್ರದುರ್ಗದಲ್ಲಿ ಸಿಕ್ಕ ಪ್ರತಿ ಚೂರೂ ಬಂಗಾಳದ್ದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಹೋದ ವರ್ಷದ ತಪ್ಪನ್ನೇ ಹೊಸ ಊರಿನ ಹೆಸರಿಟ್ಟು ಮಾಡಿದ ಹಾಗೆ. ಆದರೆ ಈ ತಟ್ಟೆ ರೋಮ್‌ನಲ್ಲಿ ತಯಾರಾಗಿ ಹಡಗು ಹತ್ತಿ ಬಂದದ್ದಲ್ಲ, ಈ ಉಪಖಂಡದ ಕುಂಬಾರರ ಕೈಯಲ್ಲೇ ಆದದ್ದು ಅನ್ನುವುದು ಈಗ ಗಟ್ಟಿ. ನಮ್ಮವರೇ ಮಾಡಿ ಬಾಲಿಯವರೆಗೆ ಕಳಿಸಿದ ಮಾಲಿಗೆ ನಾನು ಮೈಕ್ ಮುಂದೆ ಕೂತು "ಮೇಡ್ ಇನ್ ರೋಮ್" ಅಂತ ಚೀಟಿ ಅಂಟಿಸಿದ್ದೆ. ತಿದ್ದುಪಡಿ ಇಷ್ಟು.

ಇಲ್ಲಿ ನಿಲ್ಲಿಸಿದರೆ ಇದು "ಎಲ್ಲಾ ನಮ್ಮದೇ" ಅನ್ನುವ ಕಥೆ ಆಗಿಬಿಡುತ್ತದೆ. ಅದನ್ನು ಫಾರ್ವರ್ಡ್ ಮಾಡೋಕೆ ಜನ ಕಾಯುತ್ತಿರುತ್ತಾರೆ, ನಮ್ಮ ಅಮ್ಮನೂ ಸೇರಿದ ಹಾಗೆ. ಆದರೆ ಪ್ರಯೋಗಾಲಯಕ್ಕೆ ನಮ್ಮ ಹೆಮ್ಮೆಯ ಚಿಂತೆ ಇಲ್ಲ. ಅದೇ ವಿದ್ಯೆ ಇನ್ನೊಂದು ಕಡೆ ಏನು ಹೇಳಿತು ನೋಡಿ.

ಆಂಫೊರಾ ಬಗ್ಗೆ ಹೇಳಿದೆನಲ್ಲ. ಭಾರತದಲ್ಲಿ ಸಿಕ್ಕ ಕೆಲವು ಆಂಫೊರಾ ಚೂರುಗಳ ಮಣ್ಣಿನಲ್ಲಿ ಹೊಳೆಯುವ ಕಪ್ಪು ಮರಳಿನ ಕಣಗಳಿವೆ. ಬರಿಗಣ್ಣಿಗೇ ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಜ್ವಾಲಾಮುಖಿಯ ಖನಿಜ. ಇಟಲಿಯ ನೇಪಲ್ಸ್ ಕೊಲ್ಲಿಯ ಸುತ್ತ, ವೆಸೂವಿಯಸ್ ಜ್ವಾಲಾಮುಖಿಯ ಪಕ್ಕದ ಕಂಪಾನಿಯಾ ಸೀಮೆಯ ಮರಳು. ಆ ಜಾಡಿಗಳು ನಿಜವಾಗಿ ಅಲ್ಲಿಂದಲೇ ಬಂದವು. ರೋಮ್ ಜೊತೆ ವ್ಯಾಪಾರ ಇರಲಿಲ್ಲ ಅಂತಲ್ಲ, ಇತ್ತು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ.

ಇನ್ನೊಂದು ತಿರುವು ಇದೆ. ರಾಬರ್ಟಾ ಟಾಂಬರ್ ಅನ್ನುವ ವಿದ್ವಾಂಸೆ ಭಾರತದ ಬೇರೆ ಬೇರೆ ಕಡೆ "ರೋಮನ್ ಆಂಫೊರಾ" ಅಂತ ಬರೆದಿಟ್ಟ ಚೂರುಗಳನ್ನು ಮತ್ತೆ ಕೈಗೆತ್ತಿಕೊಂಡು ನೋಡಿದರು. 2007ರಲ್ಲಿ ಅದರ ಬಗ್ಗೆ ಬರೆದರು. ಅವುಗಳಲ್ಲಿ ಹಲವು ರೋಮನ್ ಅಲ್ಲವೇ ಅಲ್ಲ. ಅವು ಟಾರ್ಪಿಡೊ ಜಾಡಿಗಳು, ಮೆಸೊಪೊಟೇಮಿಯಾ ಕಡೆಯವು, ಅಂದರೆ ಇವತ್ತಿನ ಇರಾಕ್, ಇರಾನ್ ಕಡೆಯವು. ರೋಮನ್ ಜಾಡಿಗೆ ಹಿಡಿ ಇರುತ್ತದೆ, ಇವಕ್ಕೆ ಇರುವುದಿಲ್ಲ. ರೋಮನ್ ಜಾಡಿಯ ಒಳಗೆ ದ್ರವ ಸೋರದ ಹಾಗೆ ಪೈನ್ ಮರದ ಅಂಟು ಬಳಿಯುತ್ತಿದ್ದರು. ಇವಕ್ಕೆ ಬಳಿದದ್ದು ಬಿಟುಮೆನ್, ಅಂದರೆ ನೆಲದಿಂದ ಉಕ್ಕುವ ಡಾಂಬರಿನಂಥ ವಸ್ತು. ಎರಡೂ ಕಪ್ಪಗೆ ಒಣಗಿ ಅಂಟಿಕೊಂಡಿರುವಾಗ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಪ್ರಯೋಗಾಲಯಕ್ಕೆ ಸುಲಭ, ಮರದ ಅಂಟಿನ ಅಣುಗಳೇ ಬೇರೆ, ಕಲ್ಲೆಣ್ಣೆಯ ಅಣುಗಳೇ ಬೇರೆ.

ಅನುರಾಧಪುರದಲ್ಲಿ ಸಿಕ್ಕ ಇಂಥ ಜಾಡಿ ಚೂರುಗಳ ಬಿಟುಮೆನ್ ಪರೀಕ್ಷೆ ಮಾಡಿದ ಒಂದು ತಂಡ, ಅದು ಇರಾನ್‌ನ ನೈಋತ್ಯದ ಸೂಸಾ ಪ್ರದೇಶದ್ದು ಅಂತ 2008ರಲ್ಲಿ ಹೇಳಿತು. ಗಮನಿಸಿ, ಇದು ಲೇಪದ ಊರು. ಜಾಡಿಯ ಮಣ್ಣು ಯಾವ ಊರಿನದು ಅನ್ನುವುದು ಬೇರೆ ಪ್ರಶ್ನೆ. ನಮ್ಮ ಕಡೆಯೂ ಡಬ್ಬ ಒಂದು ಫ್ಯಾಕ್ಟರಿಯದು, ಒಳಗಿನ ಮಾಲು ಇನ್ನೊಂದು ಊರಿನದು ಇರುತ್ತದಲ್ಲ.

ಒಟ್ಟಿನಲ್ಲಿ ರೋಮನ್ ಅಂದುಕೊಂಡ ತಟ್ಟೆ ಇಲ್ಲಿಯದು, ರೋಮನ್ ಅಂದುಕೊಂಡ ಜಾಡಿಗಳಲ್ಲಿ ಕೆಲವು ನಿಜಕ್ಕೂ ಇಟಲಿಯವು, ಇನ್ನು ಕೆಲವು ಇರಾಕ್-ಇರಾನ್ ಕಡೆಯವು. ನಮ್ಮ ಹಳೆಯ ಪುಸ್ತಕಗಳಲ್ಲಿ ಇವೆಲ್ಲಕ್ಕೂ ಒಂದೇ ಹೆಸರಿತ್ತು. ಪಶ್ಚಿಮದಿಂದ ಬಂದದ್ದು ಎಲ್ಲಾ ರೋಮ್‌ನಿಂದಲೇ ಬಂದದ್ದು ಅಂತ ಬರೆಯುವಾಗ, ನಮ್ಮ ಜೊತೆ ನೂರಾರು ವರ್ಷ ವ್ಯಾಪಾರ ಮಾಡಿದ ಪಾರಸಿ ಕೊಲ್ಲಿಯ ಜನ ಲೆಕ್ಕದಿಂದಲೇ ಬಿಟ್ಟುಹೋಗಿದ್ದರು. ಬಂಗಾಳದ ಕಡೆಯ ಕುಂಬಾರರೂ ಬಿಟ್ಟುಹೋಗಿದ್ದರು.

ಈ ಸಂಚಿಕೆಗೆ ತಯಾರಿ ಮಾಡುವಾಗ ನಮ್ಮ ಅಮ್ಮನ ತವರಿನ ಕಡೆ ಇನ್ನೂ ತಿಗರಿ ತಿರುಗಿಸುವ ಒಬ್ಬ ಅಜ್ಜನನ್ನು ಮಾತಾಡಿಸಿದೆ. ಮಣ್ಣು ಎಲ್ಲಿಂದ ತರ್ತೀರಿ ಅಜ್ಜ ಅಂತ ಕೇಳಿದೆ.

"ಒಂದು ಮಣ್ಣಲ್ಲಪ್ಪ, ಎರಡು. ಕೆರೆ ಅಂಗಳದ್ದು ಜಿಗುಟು. ಅದೊಂದೇ ಹಾಕಿದ್ರೆ ಒಣಗುವಾಗ ಸೀಳ್ತದೆ. ಅದಕ್ಕೆ ಹಳ್ಳದ ಕಡೆ ಮಣ್ಣು ಕೂಡಿಸ್ತೀನಿ. ಅಡುಗೆ ಗಡಿಗೆಗೆ ಮರಳು ಜಾಸ್ತಿ, ನೀರಿನ ಮಡಕೆಗೆ ಬೇರೆ ಲೆಕ್ಕ."

ನಾನು ಲ್ಯಾಬ್ ವಿಷಯ ಹೇಳಿದೆ. ಮಡಕೆ ಚೂರು ನೋಡಿ ಮಣ್ಣು ಯಾವ ಊರಿನದು ಅಂತ ಹೇಳ್ತಾರಂತೆ ಅಜ್ಜ ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಮಣ್ಣಿನ ಊರು ಹೇಳಬೌದು. ನಮ್ಮ ಮಾವ ಆ ಊರಿನವನು, ಮದುವೆಯಾಗಿ ಈ ಊರಿಗೆ ಬಂದ. ಕೈ ಆ ಊರಿಂದು, ಮಣ್ಣು ಈ ಊರಿಂದು. ಅದನ್ನ ಹೆಂಗೆ ಹೇಳ್ತಾರೆ?" ಅಂದರು.

ನಾನು ಓದಿದ ಲೇಖನಗಳಲ್ಲಿ ಪುಟಗಟ್ಟಲೆ ಬರೆದ ಎಚ್ಚರಿಕೆಯನ್ನು ಅಜ್ಜ ಎರಡು ಮಾತಲ್ಲಿ ಹೇಳಿದರು. ಎರಡು ಮಣ್ಣು ಕೂಡಿಸಿದರೆ ಪಟ್ಟಿ ಬದಲಾಗುತ್ತದೆ. ಮರಳು ಹಾಕಿದರೆ ಉಳಿದ ಧಾತುಗಳ ಪ್ರಮಾಣ ಕಡಿಮೆಯಾಗಿ ಕಾಣುತ್ತದೆ. ನೂರಾರು ವರ್ಷ ನೆಲದಲ್ಲಿ ಹೂತಿದ್ದ ಚೂರಿಗೆ ಸುತ್ತಲಿನ ನೀರಿನಿಂದ ಬೇರೆ ವಸ್ತುಗಳೂ ಸೇರುತ್ತವೆ, ಇದ್ದದ್ದು ಹೋಗುತ್ತದೆ. ಇದಕ್ಕೆಲ್ಲ ತಕ್ಕ ಹಾಗೆ ಲೆಕ್ಕ ಸರಿಪಡಿಸುವ ವಿಧಾನಗಳಿವೆ. ಆದರೆ ಮಾಡಿದ ಕೈ ಯಾವ ಊರಿನದು ಅನ್ನುವುದನ್ನು ಯಂತ್ರ ಹೇಳುವುದಿಲ್ಲ. ತಟ್ಟೆಯ ಆಕಾರ, ತೀಡಿದ ರೀತಿ, ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು, ಇವನ್ನೆಲ್ಲ ಕೂಡಿಸಿ ಮನುಷ್ಯರೇ ಊಹಿಸಬೇಕು.

"ಎಲ್ಲಿ ಸಿಕ್ಕಿತು" ಅಂದೆನಲ್ಲ. ಈಗ ಎರಡನೇ ತಪ್ಪೊಪ್ಪಿಗೆ.

ಹೋದ ವರ್ಷ ಆ ಸಂಚಿಕೆಗಾಗಿ ಬ್ರಹ್ಮಗಿರಿಗೆ ಹೋಗಿದ್ದೆ. ಬಂಡೆಗಳ ನಡುವೆ ಓಡಾಡುತ್ತಿದ್ದಾಗ ಮಳೆಗೆ ಕೊಚ್ಚಿದ ಮಣ್ಣಿನಲ್ಲಿ ಒಂದು ಚೂರು ಕಂಡಿತು. ಒಳಗೆ ಕಪ್ಪು, ಹೊರಗೆ ಕೆಂಪು. ಅಂಗೈ ಅರ್ಧದಷ್ಟು. ಎತ್ತಿ ಜೇಬಿಗೆ ಹಾಕಿಕೊಂಡೆ. ಚಿಕ್ಕಂದಿನಲ್ಲಿ ಕುಂಟಾಬಿಲ್ಲೆ ಆಡೋಕೆ ಬೋಕಿ ಚೂರು ಆರಿಸಿಕೊಳ್ಳುತ್ತಿದ್ದೆವಲ್ಲ, ಅಷ್ಟೇ ಸಲೀಸಾಗಿ. ಮನೆಗೆ ತಂದು ತೊಳೆದೆ. ಬ್ರಷ್ ಹಾಕಿ ತಿಕ್ಕಿ ತೊಳೆದೆ. ಮೈಕ್ ಪಕ್ಕ ಇಟ್ಟುಕೊಂಡೆ. ಒಂದು ವರ್ಷ ಅದು ಅಲ್ಲೇ ಇತ್ತು. ನನ್ನ ಪಾಡ್‌ಕಾಸ್ಟಿಗೆ ಅದೊಂದು ಶುಭಶಕುನ ಅಂತ ಸ್ನೇಹಿತರಿಗೆ ತೋರಿಸುತ್ತಿದ್ದೆ.

ಈ ವಿದ್ಯೆ ಬಗ್ಗೆ ಓದುತ್ತಾ ಓದುತ್ತಾ, ನನ್ನ ಚೂರನ್ನೇ ಪರೀಕ್ಷೆ ಮಾಡಿಸಿದರೆ ಒಳ್ಳೆಯ ಸಂಚಿಕೆ ಆಗುತ್ತಲ್ಲ ಅನ್ನಿಸಿತು. ಇಂಥ ಕೆಲಸ ಮಾಡುವ ಒಬ್ಬ ಸಂಶೋಧಕರಿಗೆ ಫೋನ್ ಮಾಡಿದೆ. ಅವರು ತಾಳ್ಮೆಯಿಂದ ಕೇಳಿದರು.

"ಎಲ್ಲಿ ಸಿಕ್ಕಿದ್ದು?"

"ಬ್ರಹ್ಮಗಿರಿ, ಮೇಡಂ."

"ಬ್ರಹ್ಮಗಿರಿಯಲ್ಲಿ ಎಲ್ಲಿ? ಯಾವ ಕಡೆ? ಮಣ್ಣು ಮೇಲಿನಿಂದ ಕೊಚ್ಚಿ ಬಂದದ್ದಾ, ಅಲ್ಲೇ ಇದ್ದದ್ದಾ? ಪಕ್ಕದಲ್ಲಿ ಬೇರೆ ಏನಿತ್ತು?"

ನನಗೆ ನೆನಪಿದ್ದದ್ದು ಒಂದೇ, ಆ ಹೊತ್ತಲ್ಲಿ ಬಿಸಿಲು ಜೋರಿತ್ತು ಅಂತ.

"ಪರೀಕ್ಷೆ ಮಾಡಿದರೆ ಮಣ್ಣಿನ ಪಟ್ಟಿ ಬರುತ್ತೆ. ಆದರೆ ಆ ಪಟ್ಟಿಯನ್ನ ಯಾವುದರ ಜೊತೆ ಸೇರಿಸಲಿ? ನೀವು ತೊಳೆದಿದ್ದೀರಿ ಬೇರೆ, ಒಳಗೆ ಅಂಟಿದ್ದ ಅಡುಗೆಯ ಜಿಡ್ಡಿನ ಕುರುಹು ಏನಾದರೂ ಇದ್ದಿದ್ದರೆ ಅದಕ್ಕೂ ಪೆಟ್ಟು ಬಿದ್ದಿರುತ್ತೆ," ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಕೊನೆಗೆ, "ಸಂರಕ್ಷಿತ ಜಾಗದಿಂದ ಅನುಮತಿ ಇಲ್ಲದೆ ಏನನ್ನೂ ತರೋ ಹಾಗಿಲ್ಲ, ಗೊತ್ತಲ್ವಾ?" ಅಂದರು.

ಗೊತ್ತಿರಲಿಲ್ಲ ಅನ್ನುವುದು ನೆಪ. ಅಲ್ಲಿ ಇಲಾಖೆಯ ನೀಲಿ ಫಲಕ ಇತ್ತು. ನಾನೇ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದೇನೆ.

ನನ್ನ ಕೆಲಸದ ಭಾಷೆಯಲ್ಲಿ ಹೇಳಬೇಕಂದರೆ, ವೀಲರ್ ಬಿಲ್ ಇಲ್ಲದ ಮಾಲಿಗೆ ಒಂದು ಊಹೆಯ ಬಿಲ್ ಬರೆದರು. ಆದರೆ ಚೂರು ಯಾವ ಪದರದಲ್ಲಿ ಇತ್ತು, ಯಾವುದರ ಜೊತೆ ಇತ್ತು ಅಂತ ಅಚ್ಚುಕಟ್ಟಾಗಿ ದಾಖಲೆ ಇಟ್ಟರು. ಅದಕ್ಕೇ ಮುಂದಿನವರು ಅವರನ್ನು ತಿದ್ದೋಕೆ ಸಾಧ್ಯವಾಯಿತು. ನಾನು ಇದ್ದ ಬಿಲ್ಲನ್ನೇ ಹರಿದು ಹಾಕಿದೆ. ನನ್ನನ್ನು ಯಾರೂ ತಿದ್ದಲಾರರು, ಯಾಕಂದರೆ ತಿದ್ದೋಕೆ ದಾಖಲೆಯೇ ಇಲ್ಲ.

ಹೋದ ತಿಂಗಳು ಆ ಚೂರನ್ನು ಸಂಬಂಧಪಟ್ಟ ಕಚೇರಿಗೆ ಒಯ್ದು ಕೊಟ್ಟೆ. ಜೊತೆಗೆ ಒಂದು ಪತ್ರ. ಯಾವ ತಾರೀಕು ಹೋಗಿದ್ದೆ, ಯಾವ ಬಂಡೆಯ ಪಕ್ಕ ನಿಂತಿದ್ದ ನೆನಪು, ಅವತ್ತು ಫೋನಿನಲ್ಲಿ ತೆಗೆದ ಫೋಟೊಗಳು, ಎಲ್ಲಾ ಇಟ್ಟೆ. ಅಲ್ಲಿದ್ದವರು ಚೂರನ್ನು ಒಂದು ಚಿಕ್ಕ ಚೀಲಕ್ಕೆ ಹಾಕಿ, ಚೀಟಿಯ ಮೇಲೆ ಬರೆದರು. ಊರಿನ ಹೆಸರು ಬರೆದರು. ಪದರ ಅನ್ನುವ ಕಡೆ ಒಂದು ಗೀಟು ಎಳೆದರು. ನಾನು ಎದುರಿಗೇ ನಿಂತಿದ್ದೆ.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ನಮ್ಮ ಕಡೆ ಇಂಥ ಜಾಗಗಳು ತುಂಬಾ ಇವೆ. ಹೊಲ ಉಳುವಾಗ, ಮನೆ ಪಾಯ ತೆಗೆಯುವಾಗ, ಟ್ರೆಕ್ಕಿಂಗ್ ಹೋದಾಗ ಹಳೆಯ ಮಡಕೆ ಚೂರು ಕಣ್ಣಿಗೆ ಬೀಳುತ್ತದೆ. ಎತ್ತಿಕೊಳ್ಳಬೇಡಿ. ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಒಂದು ಪೆನ್ನೋ ನಾಣ್ಯವೋ ಇಡಿ, ಜಾಗದ ಲೊಕೇಶನ್ ಉಳಿಸಿಕೊಳ್ಳಿ, ಪುರಾತತ್ವ ಇಲಾಖೆಗೋ ಹತ್ತಿರದ ಮ್ಯೂಸಿಯಂಗೋ ತಿಳಿಸಿ. ಈಗಾಗಲೇ ಮನೆಯಲ್ಲಿ ತಂದಿಟ್ಟುಕೊಂಡಿದ್ದರೆ, ನನ್ನ ಹಾಗೆ, ನೆನಪಿರುವಷ್ಟನ್ನಾದರೂ ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಿ. ತೊಳೆಯಬೇಡಿ.

ಹೋದ ವರ್ಷದ ಸಂಚಿಕೆಯನ್ನು ತೆಗೆದುಹಾಕಿಲ್ಲ. ಅದರ ಶುರುವಿನಲ್ಲೇ ಈ ತಿದ್ದುಪಡಿಯನ್ನು ಸೇರಿಸಿದ್ದೇನೆ. ಆ ಎರಡು ಸಾಲಿನ ಮೇಲ್ ಬರೆದ ಕೇಳುಗರಿಗೆ ನನ್ನ ಧನ್ಯವಾದ. ನಮ್ಮ ಅಮ್ಮನಿಗೂ ಹೇಳಿದ್ದೇನೆ, ವಾಟ್ಸಾಪ್ ಗುಂಪಿಗೆ ಇದನ್ನೂ ಹಾಕು ಅಂತ. "ಅದಕ್ಕೆ ಬಂದಷ್ಟು ಹಾರ್ಟು ಇದಕ್ಕೆ ಬರಲ್ಲ ಕಣೋ" ಅಂದರು. ಪರವಾಗಿಲ್ಲ ಹಾಕಮ್ಮ ಅಂದೆ.

ಮುಂದಿನ ವಾರ ಸಿಗೋಣ. ನಮಸ್ಕಾರ.